ಮನೆ ಗಾಡಿ

ನಾರಮ್ಮಲ
12 ಜನವರಿ 1998

ಪ್ರೀತಿಯ ವಿಮಲ್ ಅಯ್ಯಾ,

ಬುದ್ಧ, ಧರ್ಮ, ಸಂಘ ಮೂರೂ ಆ ಮರಳುಗಾಡಿನಲ್ಲಿಯೂ ನಿನ್ನ ಬೆನ್ನಿಗಿರಲಿ. ನಾವೆಲ್ಲ ಸುಖವಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಆದರೆ ಈ ಸಲ ಜಗಳವಾಡಿ ಬಂದ ಬಿಸಿಯಲ್ಲಿಯೇ ಬರೆಯುತ್ತಿದ್ದೇನೆ, ಅಣ್ಣನಾದವನು ಸಹಿಸಿಕೊಳ್ಳಬೇಕು.

ನಿನ್ನೆ ಚತುರಿಯನ್ನು ರಾಗಮದ ಆಸ್ಪತ್ರೆಗೆ ಕರೆದೊಯ್ಯಲು ಬಸ್ಸಿಗೆ ನಿಂತಿದ್ದೆ. ಕಂಡಕ್ಟರ್ ಗಾಲಿಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದ. "ಮಗು ಹತ್ಲಿ ಅಕ್ಕಾ, ಕುರ್ಚಿ ಇಲ್ಲೇ ಬಿಡಿ" ಅಂದ. "ಅಲ್ಲಿ ಇಳಿದ್ಮೇಲೆ ಮಗೂನ ನೀನು ಹೆಗಲ ಮೇಲೆ ಕೂರಿಸ್ಕೊಂಡು ಓಡಾಡ್ತೀಯಾ?" ಅಂದೆ. ಬಸ್ಸಿನವರೆಲ್ಲ ನಕ್ಕರು. ಬಸ್ಸು ಹೊರಟಿತು, ನಾವಿಬ್ಬರೂ ಅಲ್ಲೇ ಉಳಿದೆವು. ಆಟೋದಲ್ಲಿ ಅಷ್ಟು ದೂರ ಕುಲುಕಿಕೊಂಡು ಹೋದರೆ ಅವಳ ಸೊಂಟ ಮೂರು ದಿನ ಏಳುವುದಿಲ್ಲ.

ಡಾಕ್ಟರಮ್ಮ ಕಳೆದ ಸಲವೇ ಹೇಳಿದ್ದರು: "ವಾರ ತಪ್ಪಿಸ್ಬೇಡಿ. ಈ ವರ್ಷ ಪೂರ್ತಿ ವ್ಯಾಯಾಮ ನಡೆದ್ರೆ ಕಾಲಿಗೆ ಆಪರೇಷನ್ ಮಾಡ್ತೀವಿ, ಊರುಗೋಲು ಹಿಡಿದು ನಿಲ್ತಾಳೆ. ಮೂಳೆ ಬಲಿತುಬಿಟ್ರೆ ಆಮೇಲೆ ನಮ್ಮ ಕೈಲೂ ಆಗಲ್ಲ." ಅವಳಿಗೆ ಈಗ ಹನ್ನೊಂದು. ಅದಕ್ಕೇ ಗಟ್ಟಿ ಮನಸ್ಸು ಮಾಡಿ, ಅಮ್ಮನ ತೋಟದಲ್ಲಿ ನನ್ನ ಪಾಲಿಗೆ ಬಂದಿದ್ದ ತೆಂಗಿನ ಜಮೀನನ್ನು ಮಾರಿಬಿಟ್ಟೆವು. ಕುರ್ಚಿಯ ಸಮೇತ ಅವಳನ್ನು ಹತ್ತಿಸಬಹುದಾದ ಒಂದು ವ್ಯಾನ್ ಬೇಕು. ಹೊಸದರ ಕನಸಿಲ್ಲ. ಯಾರೋ ಓಡಿಸಿ ಬಿಟ್ಟದ್ದು, ಇನ್ನೂ ಜೀವವಿರುವಂಥದ್ದು ಸಾಕು. ನಡುದಾರಿಯಲ್ಲಿ ಕೈಕೊಡಬಾರದು, ಅಷ್ಟೇ.

ನಿನ್ನ ಭಾವನ ವಿಷಯ ನಿನಗೆ ಗೊತ್ತು. ಸಹಕಾರ ಸಂಘದ ಲಾರಿ ಓಡಿಸಿದ ಕೈ, ಓಡಿಸುವುದರಲ್ಲಿ ತಪ್ಪಿಲ್ಲ. ಆದರೆ ಕೊಳ್ಳಲು ಹೋದರೆ ಅವರ ಕಣ್ಣಿಗೆ ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ. "ನೀಲಿ ವ್ಯಾನ್ ಸಿಕ್ರೆ ಚೆನ್ನಾಗಿರುತ್ತೆ" ಎಂದು ಈಗಲೇ ರಾಗ ಎಳೆಯುತ್ತಿದ್ದಾರೆ. ನೀನು ಹುಡುಗನಾಗಿದ್ದಾಗಿನಿಂದ ವ್ಯಾನುಗಳ ಹೊಟ್ಟೆಯಡಿ ಮಲಗಿದವನು. ಏನು ನೋಡಬೇಕು, ಏನು ಕೇಳಬೇಕು, ಎಲ್ಲಿ ಮೋಸವಿರುತ್ತದೆ, ನನಗೆ ಅರ್ಥವಾಗುವ ಹಾಗೆ ಬರೆ. ಮಾಲನಿ ಅತ್ತಿಗೆ ಹೋದ ವಾರ ಸಿಕ್ಕಿದ್ದರು, ನಿಮ್ಮ ಹೊಸ ಮನೆಯ ಗೋಡೆ ಎದ್ದಿದೆಯಂತೆ, ಸಂತೋಷ.

ನಿನ್ನ ತಂಗಿ,
ಸೋಮಲತಾ


ಮಸ್ಕತ್
27 ಜನವರಿ 1998

ಸೋಮಾ,

ನಿನ್ನ ಪತ್ರವನ್ನು ಗ್ಯಾರೇಜಿನಲ್ಲೇ ಓದಿ ನಗುತ್ತಿದ್ದೆ. "ಏನು ಫೋರ್‌ಮನ್, ಮನೆಯಿಂದ ಸಿಹಿ ಸುದ್ದಿಯಾ?" ಎಂದು ಹುಡುಗರು ಕೇಳಿದರು. "ಇಲ್ಲ, ನನ್ನ ತಂಗಿ ಒಬ್ಬ ಕಂಡಕ್ಟರನ ಮಾನ ಕಳೆದಳು" ಎಂದೆ.

ಸರಿ, ಗಮನವಿಟ್ಟು ಓದು. ಗಾಡಿ ನೋಡಲು ಬೆಳಿಗ್ಗೆ ಹೋಗು, ಹೇಳದೆ ಕೇಳದೆ ಹೋಗು. ಡ್ರೈವರ್ ಸೀಟಿನ ಕೆಳಗಿನ ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡು. ಬೆಚ್ಚಗಿದ್ದರೆ ನೀನು ಬರುವ ಮೊದಲೇ ಎಂಜಿನ್ ಓಡಿಸಿ ಕಾಯಿಸಿದ್ದಾರೆ ಎಂದು ಅರ್ಥ. ತಣ್ಣಗಿರುವಾಗ ಒಂದೇ ಸಲಕ್ಕೆ ಹೊತ್ತಿಕೊಳ್ಳದ ಎಂಜಿನನ್ನು ಹಾಗೆ ಬಚ್ಚಿಡುತ್ತಾರೆ. ಅಂಥವರ ಮನೆಯಲ್ಲಿ ಚಹಾ ಕೂಡ ಕುಡಿಯಬೇಡ, ಎದ್ದು ಬಾ. ಶುರುವಾದ ಮೇಲೆ ಹಿಂದೆ ಹೋಗಿ ಹೊಗೆ ನೋಡು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ಬಂದು ನಿಲ್ಲದೇ ಇದ್ದರೆ ಒಳಗೆ ನೀರು ಇಳಿದಿದೆ. ಕಪ್ಪು ಹೊಗೆಗೆ ಹೆದರಬೇಡ, ಡೀಸೆಲ್ ಗಾಡಿ ಅಂದಮೇಲೆ ಸ್ವಲ್ಪ ಕೆಮ್ಮುತ್ತದೆ, ಅದಕ್ಕೆ ಮದ್ದಿದೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಮೈ ನೋಡು. ಹಾಲು ಬೆರೆಸಿದ ಕಾಫಿಯ ಬಣ್ಣದ ಕೆನೆ ಕಟ್ಟಿದ್ದರೆ ಮುಚ್ಚಿಟ್ಟು ಕೈಮುಗಿದು ಬಾ.

ಎಷ್ಟು ಓಡಿದೆ ಎಂದು ಮೀಟರನ್ನು ಕೇಳಬೇಡ, ಅದು ಕೇಳಿದವರಿಗೆಲ್ಲ ಬೇಕಾದದ್ದು ಹೇಳುತ್ತದೆ. ಪೆಡಲಿನ ರಬ್ಬರನ್ನು ನೋಡು. ಕಡಿಮೆ ಓಡಿದ್ದು ಎನ್ನುತ್ತಾರೆ, ರಬ್ಬರು ಸವೆದು ಕಬ್ಬಿಣ ಕಾಣುತ್ತಿರುತ್ತದೆ. ಇಲ್ಲವೇ ಹಳೇ ಗಾಡಿಗೆ ಥಳಥಳಿಸುವ ಹೊಸ ರಬ್ಬರು, ಅದು ಇನ್ನೂ ಕೆಟ್ಟದ್ದು. ಪಕ್ಕದ ಸರಿಯುವ ಬಾಗಿಲನ್ನು ಒಂದೇ ಕೈಯಲ್ಲಿ ಎಳೆ, ತಡೆಯದೆ ಸರಿಯಬೇಕು. ಚತುರಿಯ ಕುರ್ಚಿ ಹತ್ತಿಸುವುದು ಅಲ್ಲಿಂದಲೇ ತಾನೇ. ಬಾಡಿಗೆಗೆ ಓಡಿದ ಗಾಡಿಯೋ, ಮನೆಯವರೇ ಇಟ್ಟುಕೊಂಡದ್ದೋ, ಅದನ್ನು ಮಾಲೀಕನನ್ನು ಕೇಳಬೇಡ, ಪಕ್ಕದ ಮನೆಯ ಹೆಂಗಸನ್ನು ಕೇಳು.

ಎಲ್ಲಕ್ಕಿಂತ ದೊಡ್ಡ ಮಾತು ಒಂದು ಉಳಿಯಿತು, ಗಾಡಿಯ ತಳದ ವಿಷಯ. ನಾನು ದಂಡಿಯಾಗಿ ಬರೆದು ಕಾಗದದ ಅಂಚಿಗೆ ಬಂದಿದ್ದೇನೆ. ಮುಂದಿನ ಪತ್ರದಲ್ಲಿ ಬಿಡಿಸಿ ಬರೆಯುತ್ತೇನೆ, ಅದನ್ನು ಓದುವ ತನಕ ಯಾರಿಗೂ ಮುಂಗಡ ಕೊಡಬೇಡ.

ವಿಮಲ್ ಅಯ್ಯಾ


ನಾರಮ್ಮಲ
15 ಫೆಬ್ರವರಿ 1998

ಅಯ್ಯಾ,

ನಿನ್ನ ಶಿಷ್ಯೆ ಎರಡು ಗಾಡಿಗಳನ್ನು ಫೇಲು ಮಾಡಿದ್ದಾಳೆ.

ಮೊದಲನೆಯದು ಗಿರಿಉಲ್ಲದಲ್ಲಿ. ನಾವು ಹೋದಾಗ ಮಾಲೀಕರು ಹಲ್ಲುಜ್ಜುತ್ತಿದ್ದರು. ನಾನು ಸೀದಾ ಹೋಗಿ ಸೀಟಿನ ಕೆಳಗೆ ಅಂಗೈ ಇಟ್ಟೆ. ಬಿಸಿ ಬಿಸಿ! "ಇದೇನು ಮಹಾತ್ಮರೇ, ನೀವಿನ್ನೂ ಎದ್ದಿಲ್ಲ, ನಿಮ್ ಗಾಡಿ ಆಗ್ಲೇ ಎಲ್ಲೋ ಹೋಗ್ಬಂದಿದೆ?" ಅಂದೆ. ಬಾಯಿತುಂಬ ಪೇಸ್ಟು, ಉಗುಳಲು ಹಿತ್ತಲಿಗೆ ಓಡಿದರು. ಎರಡನೆಯದು ನೀಲಿ ಬಣ್ಣದ್ದು. ನಿನ್ನ ಭಾವ ಅದರ ಸುತ್ತ ಮದುಮಗನ ಹಾಗೆ ಸುತ್ತುತ್ತಿದ್ದರು. ಲೇಡಿ ಡಾಕ್ಟರು ಓಡಿಸಿದ್ದು ಎಂದರು ದಲ್ಲಾಳಿ. ಪೆಡಲಿನ ರಬ್ಬರು ಅಂಗಡಿಯಿಂದ ಅವತ್ತೇ ಬಂದದ್ದು. ಪಕ್ಕದ ಮನೆಯಲ್ಲಿ ನೀರು ಕೇಳುವ ನೆಪ ಮಾಡಿ ಒಳಗೆ ಹೋದೆ. ಆ ಮನೆಯಾಕೆ ಬಾವಿಕಟ್ಟೆಯಲ್ಲೇ ಎಲ್ಲ ಒದರಿದರು: "ಯಾವ್ ಲೇಡಿ ಡಾಕ್ಟರ್ ಕಣಮ್ಮ? ಮದುವೆ, ಮಸಣ, ಕತರಗಾಮ ಯಾತ್ರೆ, ಒಂದೂ ಬಿಟ್ಟಿಲ್ಲ ಆ ಗಾಡಿ." ತಿರುವು ಬರುವ ತನಕ ನಿನ್ನ ಭಾವ ಹಿಂತಿರುಗಿ ಆ ನೀಲಿಯನ್ನೇ ನೋಡಿದರು. ಮನೆಗೆ ಬಂದು, "ನಿನ್ ಅಣ್ಣ ನಮ್ ಮದುವೆಗೆ ಮುಂಚೆ ನಿಂಗೆ ಈ ವಿದ್ಯೆ ಕಲಿಸದೇ ಇದ್ದದ್ದು ನನ್ ಪುಣ್ಯ" ಅಂದರು.

ಚತುರಿಗೆ ನಿನ್ನ ಪತ್ರವನ್ನು ಓದಿ ಹೇಳಿದ್ದೇನೆ. ಬೀದಿಯಲ್ಲಿ ಯಾವ ಗಾಡಿ ಹೋದರೂ "ಅಮ್ಮಾ, ನೀಲಿ ಹೊಗೆ!" ಎಂದು ಕೂಗುತ್ತಾಳೆ.

ಇನ್ನೊಂದು ವಿಷಯ. ಪಕ್ಕದ ತೋಟದ ಗುಣಾರಿಸ್ ಮಾಮ ನನ್ನನ್ನು ಹೆದರಿಸಿದ್ದಾರೆ. ಜಪಾನಿನಿಂದ, ಸುಂಕ ಉಳಿಸಲು ಬಿಡಿಭಾಗ ಎಂದು ಲೆಕ್ಕ ಹೇಳಿ, ಅರ್ಧರ್ಧ ಕತ್ತರಿಸಿದ ವ್ಯಾನುಗಳು ಬರುತ್ತವಂತೆ. ಒಂದರ ಮುಂಭಾಗ, ಇನ್ನೊಂದರ ಹಿಂಭಾಗ, ಇಲ್ಲಿ ಬೆಸೆದು ಬಣ್ಣ ಹೊಡೆದು ಮಾರುತ್ತಾರಂತೆ. "ಒಳಗಿನ ಮ್ಯಾಟ್ ಎತ್ತಿ ನೋಡದೇ ಯಾವ ಗಾಡೀನೂ ತಗೋಬೇಡ ಮಗಳೇ" ಅಂದರು. ನೀನು ಉಳಿಸಿದ ಆ ದೊಡ್ಡ ಮಾತು ಇದೇನಾ? ಬೇಗ ಬರೆ. ಈ ತಿಂಗಳು ನಮಗೆ ಎರಡು ವಾರ ರಾಗಮಕ್ಕೆ ಹೋಗಲಾಗಲಿಲ್ಲ.

ಸೋಮಲತಾ


ಮಸ್ಕತ್
24 ಮಾರ್ಚ್ 1998

ಪ್ರೀತಿಯ ತಂಗಿ ಸೋಮಲತಾಗೆ,

ಉತ್ತರ ತಡವಾಯಿತು, ಇಲ್ಲಿ ಕೆಲಸ ಜಾಸ್ತಿ. ನೀನು ಇನ್ನು ಅಲೆಯಬೇಕಾಗಿಲ್ಲ. ದಂಕೊಟುವದ ಡೆನ್ಸಿಲ್ ನಿನಗೆ ನೆನಪಿರಬೇಕು, ನಾನು ಎರಡು ವರ್ಷ ಊರಲ್ಲಿದ್ದಾಗ ಅವನ ಗ್ಯಾರೇಜಿನಲ್ಲೇ ಕೆಲಸ ಮಾಡಿದ್ದು. ಅವನ ಬಳಿ ಒಂದು ಬಿಳಿ ವ್ಯಾನ್ ಮಾರಾಟಕ್ಕಿದೆ. ಯಾರೋ ಗೌರವಸ್ಥರದ್ದು, ಅವರು ಪರದೇಶದಲ್ಲಿದ್ದಾರೆ. ಡೆನ್ಸಿಲ್ ನೋಡಿ ಒಪ್ಪಿದ ಮೇಲೆ ನಾನು ನೋಡಿ ಒಪ್ಪಿದ ಹಾಗೆ. ಎಂಜಿನ್ ಬಗ್ಗೆ ಭಯ ಬೇಡ, ತಣ್ಣಗಿರುವಾಗಲೇ ಹೋಗಿ ನೋಡು, ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ಬೆಲೆಯಲ್ಲಿ ಹೆಚ್ಚು ಎಳೆದಾಡಬೇಡ, ಅವರು ನ್ಯಾಯವಾಗಿಯೇ ಹೇಳಿದ್ದಾರೆ.

ತಳದ ವಿಷಯ ಅಂಥದ್ದೇನಲ್ಲ. ಬಗ್ಗಿ ತುಕ್ಕು ಹಿಡಿದಿದೆಯಾ ನೋಡು ಎನ್ನಲು ಹೊರಟಿದ್ದೆ, ಅಷ್ಟೇ. ಡೆನ್ಸಿಲ್ ನೋಡಿದ್ದಾನೆ. ಮ್ಯಾಟ್ ಕೀಳಲು ಮಾತ್ರ ಹೋಗಬೇಡ. ಒಮ್ಮೆ ಅಂಟು ಬಿಟ್ಟರೆ ನೀರು ಇಳಿದು, ಇಲ್ಲದ ತುಕ್ಕು ಬರುತ್ತದೆ, ಮಾರುವವರಿಗೂ ಅವಮಾನ. ಗುಣಾರಿಸ್ ಮಾಮನಿಗೆ ತೆಂಗಿನಕಾಯಿ ಬಿಟ್ಟು ಬೇರೇನು ಗೊತ್ತು?

ಏಪ್ರಿಲಿನ ಹೊಸವರ್ಷದ ಹಬ್ಬಕ್ಕೆ ಮುಂಚೆಯೇ ಮುಗಿಸಿಬಿಡಿ.

ವಿಮಲಸೇನ


ನಾರಮ್ಮಲ
20 ಏಪ್ರಿಲ್ 1998

ನನ್ನ ಬಂಗಾರದ ಅಯ್ಯಾ,

ವ್ಯಾನ್ ಮನೆಗೆ ಬಂತು! ಹಬ್ಬದ ಶುಭಗಳಿಗೆ ನೋಡಿ ತಂದೆವು. ನಾಲ್ಕು ಚಕ್ರದಡಿಗೂ ನಿಂಬೆಹಣ್ಣು ಇಟ್ಟು, ಚತುರಿಯ ಕೈಯಲ್ಲೇ ಸ್ಟೇರಿಂಗಿಗೆ ಭಿಕ್ಷುಗಳು ಮಂತ್ರಿಸಿಕೊಟ್ಟ ಪಿರಿತ್ ನೂಲು ಕಟ್ಟಿಸಿದೆ. ಮೊದಲು ಹಾಲನ್ನ ಇಟ್ಟದ್ದು ನಿನ್ನ ಹೆಸರಿನಲ್ಲಿ. ವಿಹಾರದಲ್ಲಿ ದೀಪ ಹಚ್ಚಿದ್ದೂ ನಿನ್ನ ಹೆಸರಿನಲ್ಲಿ. ಚತುರಿ ಅದಕ್ಕೆ "ದೊಡ್ಡಮಾಮನ ವ್ಯಾನ್" ಎಂದೇ ಹೆಸರಿಟ್ಟಿದ್ದಾಳೆ. ನೀನು ಕೊಡಿಸಿದ್ದಲ್ಲ, ಹುಡುಕಿಕೊಟ್ಟದ್ದು ಎಂದರೆ ಅವಳಿಗೆ ಎರಡೂ ಒಂದೇ.

ನೀನು ಹೇಳಿದ್ದನ್ನೆಲ್ಲ ನೋಡಿದೆ, ಎಲ್ಲದರಲ್ಲೂ ಪಾಸು. ಡೆನ್ಸಿಲ್ ಅಣ್ಣನನ್ನು ಕೇಳಿದೆ, "ಬಾಡಿಗೆ ಓಡಿದ ಗಾಡಿ ಅಲ್ವಾ?" ಅಂತ. ಎದೆಯ ಶಿಲುಬೆ ಮುಟ್ಟಿಕೊಂಡು, "ಛೇ ಛೇ, ಮನೆ ಗಾಡಿ ತಂಗಿ, ಅಪ್ಪಟ ಮನೆ ಗಾಡಿ" ಅಂದರು. ಗಾಡಿಯ ಪುಸ್ತಕದಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ ಯಾರೋ ಕಂಡು ಕೇಳರಿಯದ ಹೆಂಗಸಿನ ಹೆಸರಿದೆ. ಈ ಕಡೆ ಎಲ್ಲರೂ ಸಹಿ ಮಾಡಿದ ಖಾಲಿ ಕಾಗದದ ಮೇಲೇ ಗಾಡಿ ಕೈ ಬದಲಾಯಿಸುವುದಲ್ಲವೇ, ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೇ ವಿಚಿತ್ರ, ಡೆನ್ಸಿಲ್ ಅಣ್ಣ ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ. ಹಬ್ಬದ ಕವುಮ್ ಕಜ್ಜಾಯ ಕೊಟ್ಟರೆ ಸಕ್ಕರೆ ಕಾಯಿಲೆ ಎಂದರು. ಆಮೇಲೆ ಅವರು ಅಲ್ಲೇ ಅಂಗಡಿಯಲ್ಲಿ ಬಾಳೆಹಣ್ಣಿನ ಜೊತೆ ಸಿಹಿ ಸೋಡ ಕುಡಿಯುವುದನ್ನು ನಿನ್ನ ಭಾವ ನೋಡಿದರಂತೆ. ಸಂಕೋಚವಿರಬೇಕು.

ನಿನ್ನೆ ರಾಗಮಕ್ಕೆ ಮೊದಲ ಪ್ರಯಾಣ. ಕುರ್ಚಿಯ ಸಮೇತ ಹತ್ತಿಸಿ, ಕಿಟಕಿಯ ಪಕ್ಕ ಬಿಗಿದು ನಿಲ್ಲಿಸಿದೆವು. ಬಸ್ ಸ್ಟಾಂಡಿನ ಹತ್ತಿರ ಆ ಕಂಡಕ್ಟರ್ ನಿಂತಿದ್ದ. ಚತುರಿ ಕಿಟಕಿಯಿಂದ ರಾಣಿಯ ಹಾಗೆ ಅವನಿಗೆ ಕೈ ಬೀಸಿದಳು. ನನಗೆ ಅಳು ಬಂತು ಅಯ್ಯಾ. ಇಷ್ಟು ವರ್ಷದಲ್ಲಿ ಅವಳು ಹೊರಗೆ ನೋಡುತ್ತಾ ಪ್ರಯಾಣ ಮಾಡಿದ್ದು ಇದೇ ಮೊದಲು. ನನ್ನ ತೊಡೆಯ ಮೇಲೆ ಮಲಗಿದವಳಿಗೆ ಬಸ್ಸಿನ ಛಾವಣಿಯೇ ಕಾಣುತ್ತಿತ್ತು.

ನಿನ್ನ ಋಣ ಹೇಗೆ ತೀರಿಸಲಿ?

ನಿನ್ನ ತಂಗಿ,
ಸೋಮಲತಾ


ಮಸ್ಕತ್
6 ಮೇ 1998

ಸೋಮಲತಾ,

ಪತ್ರ ತಲುಪಿತು. ಒಳ್ಳೆಯದಾಯಿತು.

ನಿಧಾನವಾಗಿ ಓಡಿಸಲು ಭಾವನಿಗೆ ಹೇಳು. ಭಾರ ಹೇರಬೇಡಿ, ನೆಂಟರನ್ನೆಲ್ಲ ತುಂಬಿಕೊಂಡು ಯಾತ್ರೆ ಎಂದು ಹೊರಡಬೇಡಿ. ಗುಂಡಿ ಬಿದ್ದ ರಸ್ತೆ ಬೇಡ. ಒಳಗೆ ನೀರು ಹಾಕಿ ತೊಳೆಯಬೇಡಿ. ಸರಿಯುವ ಬಾಗಿಲು ಎಂದಾದರೂ ಬಿಗಿಯಾದ ಹಾಗೆ ಅನಿಸಿದರೆ, ಸಣ್ಣದಾದರೂ ಸರಿ, ಕೂಡಲೇ ಡೆನ್ಸಿಲನಿಗೆ ತೋರಿಸು, ಬೇರೆ ಯಾರಿಗೂ ಬೇಡ.

ಋಣದ ಮಾತೆಲ್ಲ ಬರೆಯಬೇಡ.

ವಿಮಲಸೇನ


ನಾರಮ್ಮಲ
28 ಮೇ 1998

ಅಯ್ಯಾ,

ನಿನ್ನ ಪತ್ರ ಓದಿ ನಿನ್ನ ಭಾವ, "ಇವನಿಗೆ ವ್ಯಾನ್ ಮೇಲೆ ನಮಗಿಂತ ಹೆಚ್ಚು ಪ್ರೀತಿ" ಎಂದು ನಕ್ಕರು. ಚತುರಿಯ ಮೇಲಿನ ಪ್ರೀತಿ ಎಂದು ನಾನು ತಿದ್ದಿದೆ. ಅಲ್ಲಿ ಕುಳಿತು ಇಲ್ಲಿನ ಗುಂಡಿಗಳನ್ನು ಎಣಿಸುತ್ತಿದ್ದೀಯಲ್ಲ, ಅಮ್ಮನೂ ಹೀಗೇ ಇದ್ದಳು.

ಒಂದು ವಾರವೂ ತಪ್ಪಿಲ್ಲ. ಚತುರಿ ಮೊನ್ನೆ ಎರಡು ಕಂಬಿಗಳ ನಡುವೆ ನಿಂತಳು. ಹತ್ತು ಎಣಿಸುವಷ್ಟರಲ್ಲಿ ಕುಸಿದಳು, ಆದರೂ ನಿಂತಳು. ಡಿಸೆಂಬರಿನಲ್ಲಿ ಆಪರೇಷನ್ ಎಂದು ಡಾಕ್ಟರಮ್ಮ ಬರೆದುಕೊಂಡರು. ಬಾಗಿಲು ಸ್ವಲ್ಪ ಕಿರುಗುಟ್ಟುತ್ತದೆ, ಎಣ್ಣೆ ಬಿಟ್ಟಿದ್ದೇವೆ.

ಸೋಮಲತಾ


ನಾರಮ್ಮಲ
2 ಸೆಪ್ಟೆಂಬರ್ 1998

ಅಯ್ಯಾ,

ಮೊದಲು ಇದನ್ನು ಹೇಳಿಬಿಡುತ್ತೇನೆ, ನಾವು ಮೂವರೂ ಬದುಕಿದ್ದೇವೆ.

ಹೋದ ತಿಂಗಳು ರಾಗಮದಿಂದ ಬರುವಾಗ ಮೀರಿಗಮದ ಈಚೆ ರೈಲ್ವೆ ಗೇಟು ದಾಟುತ್ತಿದ್ದೆವು. ಹಿಂದಿನ ಚಕ್ರ ಹಳಿಯ ಉಬ್ಬನ್ನು ಹತ್ತಿ ಇಳಿಯಿತು. ಒಣಕೊಂಬೆ ಮುರಿದ ಹಾಗೆ ಸದ್ದಾಯಿತು. ಗಾಡಿ ನಡುವಿನಲ್ಲಿ ಕುಸಿದು, ಹಳಿಯ ಮೇಲೆ ಹೊಟ್ಟೆಯೂರಿ ಕುಳಿತುಬಿಟ್ಟಿತು. ಹಿಂದಿನಿಂದ ಚತುರಿಯ ದನಿ: "ಅಮ್ಮಾ, ಕೆಳಗೆ ಕಲ್ಲು ಕಾಣ್ತಿದೆ." ಏನೋ ಆಟದ ಮಾತು ಎಂದುಕೊಂಡು ತಿರುಗಿದೆ. ಅವಳ ಗಾಲಿಯ ಮುಂದೆಯೇ ಮ್ಯಾಟ್ ಸೀಳಿತ್ತು, ಸೀಳಿನಲ್ಲಿ ರೈಲು ಹಳಿಯ ಜಲ್ಲಿ ಕಾಣುತ್ತಿತ್ತು.

ನಾವಿಬ್ಬರೂ ಮುಂದಿನ ಬಾಗಿಲಿನಿಂದ ಇಳಿದೆವು. ಸರಿಯುವ ಬಾಗಿಲು ಅಲ್ಲಾಡಲಿಲ್ಲ. ನಿನ್ನ ಭಾವ ಕಾಲು ಕೊಟ್ಟು ಎಳೆದರು, ನಾನು ಎಳೆದೆ, ದಾರಿಹೋಕರು ಎಳೆದರು. ಗಾಡಿಯೇ ಸೊಂಟ ಮುರಿದುಕೊಂಡು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಗೇಟಿನ ಕಾವಲುಗಾರ ಕೆಂಪು ಬಾವುಟ ಹಿಡಿದು, "ಮಗೂನ ತೆಗೀರಿ, ಗಾಜು ಒಡೀರಿ" ಎಂದು ಕಿರುಚುತ್ತಾ ಹಳಿಯ ಮೇಲೆ ಓಡಿದ. ಯಾರೋ ಹಿಂದಿನ ಗಾಜು ಒಡೆದರು. ನನ್ನ ಮಗಳು ಒಳಗೆ ಕುರ್ಚಿಗೆ ಬಿಗಿದ ಪಟ್ಟಿಯನ್ನು ತಾನೇ ಬಿಚ್ಚಿಕೊಳ್ಳಲು ಒದ್ದಾಡುತ್ತಿದ್ದಳು. ಒಬ್ಬ ಮೀನು ಮಾರುವವನು ಗಾಜಿನ ಚೂರಿನ ಮೇಲೆಯೇ ತೂರಿ ಒಳಗೆ ಹೋಗಿ ಅವಳನ್ನು ಎತ್ತಿ ಕೊಟ್ಟ. ರೈಲು ದೂರದಲ್ಲೇ ನಿಂತಿತು. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಚತುರಿಯ ಮೈಗೆ ಗೀರು ಗಾಯಗಳಷ್ಟೇ. ಆದರೆ ಅಂದಿನಿಂದ ಅವಳು ಯಾವ ಗಾಡಿಯನ್ನೂ ಹತ್ತುತ್ತಿಲ್ಲ. ಆಟೋ ಬಂದು ನಿಂತರೆ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚುತ್ತಾಳೆ. ರಾಗಮ ನಿಂತುಹೋಗಿದೆ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ತಂದೆವು. ನಿನ್ನ ಭಾವ ಮ್ಯಾಟನ್ನು ಪೂರ್ತಿ ಕಿತ್ತರು. ಈ ಬದಿಯಿಂದ ಆ ಬದಿಗೆ ಬೆಸುಗೆಯ ಗೆರೆ. ಗುಣಾರಿಸ್ ಮಾಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ, ಎರಡು ಗಾಡಿಗಳ ಎರಡು ತುಂಡು. ಡೆನ್ಸಿಲ್ ನಿನಗೂ ನನಗೂ ಮೋಸ ಮಾಡಿದ ಎಂದು ನಾನು ಬಾಯಿಗೆ ಬಂದಂತೆ ಅವನನ್ನು ಬೈದೆ. ನೀನು ಕೇಳಿದರೆ ಎಷ್ಟು ನೊಂದುಕೊಳ್ಳುತ್ತೀಯೋ ಎಂದು ಅದಕ್ಕೂ ಅತ್ತೆ.

ಆಮೇಲೆ, ಮ್ಯಾಟಿನ ಜೊತೆಗೇ ಕಿತ್ತು ಬಂದ, ಬೆಸುಗೆಯ ಮೇಲೆ ಅಂಟಿಸಿದ್ದ ಹಾಸನ್ನು ನೋಡಿದೆ. ಕೆಂಪು ಹಳದಿ ಚೌಕುಳಿಯ ಲಿನೋಲಿಯಂ. ಅದರಲ್ಲಿ ಕಾದ ಎಣ್ಣೆ ಬಾಣಲೆ ಇಟ್ಟು ಸುಟ್ಟ ದುಂಡನೆಯ ಕಲೆ. ನಮ್ಮ ಅಮ್ಮನ ಅಡಿಗೆಮನೆಯ ನೆಲ ಅಯ್ಯಾ. ಆ ಬಾಣಲೆ ಇಟ್ಟವಳು ನಾನು, ಎಂಟು ವರ್ಷದವಳು. "ನಾನಿಟ್ಟೆ" ಎಂದು ಹೇಳಿ ಅಮ್ಮನ ಕೈಯಲ್ಲಿ ಏಟು ತಿಂದವನು ನೀನು. ಮನೆ ಕೆಡವುವಾಗ, ಯಾವುದಕ್ಕಾದರೂ ಬರುತ್ತೆ ಎಂದು ಅದನ್ನು ಸುರುಳಿ ಸುತ್ತಿ ದಂಕೊಟುವಕ್ಕೆ ಒಯ್ದವನೂ ನೀನೇ.

ಡೆನ್ಸಿಲ್ ಸುಳ್ಳು ಹೇಳಿರಲಿಲ್ಲ. ಮನೆ ಗಾಡಿಯೇ. ಯಾರ ಮನೆಯದೆಂದು ನಾನು ಕೇಳಲಿಲ್ಲ.

ಅದು ಯಾರ ವ್ಯಾನ್? ಒಂದೇ ಮಾತಿನಲ್ಲಿ ಬರೆ.

ಸೋಮಲತಾ


ಮಸ್ಕತ್
29 ಸೆಪ್ಟೆಂಬರ್ 1998

ಸೋಮಾ,

ನನ್ನದು.

ಎಷ್ಟು ಸಲ ಬರೆದು ಹರಿದೆನೋ. ನೀನು ಅಂದುಕೊಂಡ ಹಾಗಲ್ಲ, ಪೂರ್ತಿ ಕೇಳು. ಆ ಎರಡು ತುಂಡುಗಳನ್ನು ಬೆಸೆದವನು ನಾನೇ. ಗ್ಯಾರೇಜಿನಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ ಅದು. ನನ್ನ ಬೆಸುಗೆಯ ಮೇಲೆ ನನಗೆ ನಂಬಿಕೆಯಿತ್ತು. ನಾನು ಇಲ್ಲಿಗೆ ಬಂದ ಮೇಲೆ ಡೆನ್ಸಿಲ್ ಅದನ್ನು ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸಿ ಮಾಲನಿಗೆ ಅಷ್ಟಿಷ್ಟು ಕೊಡುತ್ತಿದ್ದ, ಏನೂ ಆಗಿರಲಿಲ್ಲ. ನಿನಗೆ ಮೊದಲ ಪತ್ರ ಬರೆದಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅಮ್ಮನ ಆಣೆ. ಅದನ್ನು ಅಂಚೆಗೆ ಹಾಕಿದ ಮೇಲೆ ಮಾಲನಿಯ ಪತ್ರ ಬಂತು, ಮನೆಗೆ ಛಾವಣಿ ಹಾಕದಿದ್ದರೆ ಗೋಡೆ ಮಳೆಗೆ ಬೀಳುತ್ತದೆ, ವ್ಯಾನ್ ಮಾರಿಬಿಡಿ ಎಂದು.

ನನ್ನದು ಎಂದು ಹೇಳಿದ್ದರೆ ಏನಾಗುತ್ತಿತ್ತು, ನೀನೇ ಹೇಳು. ಒಡಹುಟ್ಟಿದ ತಂಗಿಗೆ, ಅದೂ ಚತುರಿಗಾಗಿ, ಗಾಡಿ ಮಾರಿದ ಎಂದು ನಾರಮ್ಮಲದಿಂದ ದಂಕೊಟುವದ ತನಕ ಆಡಿಕೊಳ್ಳುತ್ತಿದ್ದರು. ತಂಗಿಗೆ ಕೊಡಬೇಕು, ಮಾರುವ ಹಾಗಿಲ್ಲ. ಕೊಡುವ ಶಕ್ತಿ ನನಗಿರಲಿಲ್ಲ. ಹೇಗೂ ಯಾರದೋ ಗಾಡಿಯನ್ನು ಕೊಳ್ಳುವವಳು, ನಾನು ಬಲ್ಲ ಗಾಡಿಯನ್ನೇ ಕೊಳ್ಳಲಿ ಎಂದುಕೊಂಡೆ. ಜೋಪಾನವಾಗಿ ಓಡಿಸಿ ಎಂದು ಎಷ್ಟು ಬರೆದೆ, ತಳ ಜಗ್ಗಿದರೆ ಮೊದಲು ಬಿಗಿಯುವುದು ಬಾಗಿಲು, ಅದಕ್ಕೇ ಬಾಗಿಲು ಬಿಗಿಯಾದರೆ ಡೆನ್ಸಿಲನಿಗೆ ತೋರಿಸು ಎಂದೂ ಬರೆದೆ. ನೀನು ಎಣ್ಣೆ ಬಿಟ್ಟೆ.

ಈಗ ಆದದ್ದಕ್ಕೆ ದಾರಿ ಇದೆ. ಡೆನ್ಸಿಲನಿಗೆ ಹೇಳಿದ್ದೇನೆ. ತಳಕ್ಕೆ ಹೊಸ ತಗಡು ಕೊಟ್ಟು, ಬಾಗಿಲು ಸರಿಮಾಡಿ, ಬಣ್ಣ ಹೊಡೆದು ನಿಮ್ಮ ಅಂಗಳದಲ್ಲೇ ನಿಲ್ಲಿಸುತ್ತಾನೆ. ಗಿರಾಕಿಯನ್ನೂ ಅವನೇ ತರುತ್ತಾನೆ. ಗ್ಯಾರೇಜಿನಲ್ಲಿ ನಿಂತ ಗಾಡಿಗಿಂತ, ಸಂಸಾರಸ್ಥರ ಅಂಗಳದಲ್ಲಿ ನಿಂತ ಗಾಡಿಯನ್ನು ಜನ ನಂಬುತ್ತಾರೆ. ನಿನ್ನ ಹಣ ಒಂದು ಕಾಸೂ ಕಡಿಮೆಯಾಗದೆ ಕೈ ಸೇರುತ್ತದೆ, ಚತುರಿಯ ಆಪರೇಷನ್ ಖರ್ಚಿಗೂ ಆಗುತ್ತದೆ. ಬಂದವರ ಹತ್ತಿರ ನೀನು ಏನೂ ಹೇಳುವುದು ಬೇಡ. ಕೇಳಿದರೆ ಚೆನ್ನಾಗಿ ಓಡುತ್ತಿತ್ತು ಎಂದರೆ ಸಾಕು, ಅದು ಸುಳ್ಳೂ ಅಲ್ಲ.

ಭಾವನಿಗೆ ನಾನೇ ಬರೆಯುತ್ತೇನೆ. ನಮ್ಮಿಬ್ಬರ ನಡುವಿನದು ನಮ್ಮಲ್ಲೇ ಇರಲಿ, ಮಾಲನಿಗೂ ಗೊತ್ತಾಗುವುದು ಬೇಡ.

ನಿನ್ನ ಅಯ್ಯಾ


ನಾರಮ್ಮಲ
8 ನವೆಂಬರ್ 1998

ವಿಮಲಸೇನ ಅಯ್ಯಾ,

ನೀನು ಕೊಡಬೇಕಾಗುತ್ತಿತ್ತು ಎಂದು ಬರೆದಿದ್ದೀಯ. ಇರಬಹುದು. ನಿನ್ನದೆಂದು ಗೊತ್ತಾಗಿದ್ದರೆ ನಾನು ಆಸೆಪಡುತ್ತಿದ್ದೆ, ಬಾಯಿಬಿಟ್ಟು ಕೇಳಿಯೂ ಬಿಡುತ್ತಿದ್ದೆನೇನೋ. ನೀನು "ಆಗಲ್ಲ ಸೋಮಾ" ಎನ್ನಬಹುದಿತ್ತು. ನಾನು ಎರಡು ದಿನ ಮುಖ ಊದಿಸಿಕೊಂಡು ಬೇರೆ ಗಾಡಿ ಹುಡುಕುತ್ತಿದ್ದೆ. ಅಷ್ಟಕ್ಕೆ ಹೆದರಿ ನೀನು ನನ್ನ ಮಗಳನ್ನು ಆ ಗೆರೆಯ ಮೇಲೆ ಕೂರಿಸಿದೆ. ಅಲ್ಲೇ ಕೂರುತ್ತಾಳೆ ಎಂದು ನಿನಗೆ ಗೊತ್ತಿತ್ತು, ಬಾಗಿಲಿನ ಎದುರಿಗೆ ಕುರ್ಚಿ ನಿಲ್ಲುವುದು ಅಲ್ಲೇ ಎಂದು ಮೊದಲ ಪತ್ರದಲ್ಲಿಯೇ ನೀನು ಲೆಕ್ಕ ಹಾಕಿದ್ದೆ. ನಿನ್ನ ಎಚ್ಚರಿಕೆಗಳನ್ನೆಲ್ಲ ನಾನು ಪ್ರೀತಿ ಎಂದು ಓದಿಕೊಂಡೆ. ನೀಲಿ ಹೊಗೆ ಗುರುತಿಸಲು ಕಲಿಸಿದವನೇ ನನ್ನನ್ನು ಕುರುಡಿ ಮಾಡಿದೆ. ನನಗೆ ಸಿಟ್ಟು ಇಳಿಯುತ್ತಿಲ್ಲ. ಇಳಿಯುತ್ತದೆ ಎಂದೂ ಅನಿಸುತ್ತಿಲ್ಲ.

ಡೆನ್ಸಿಲ್ ಬಂದ, ತಗಡು ಹಾಕಿದ, ಬಣ್ಣ ಹೊಡೆದ. ನಾನು ತಡೆಯಲಿಲ್ಲ. ನಿಜ ಹೇಳುತ್ತೇನೆ, ಹಣ ಬಂದರೆ ಬರಲಿ ಎಂದುಕೊಂಡೆ. ಚತುರಿ ಈಗ ಅವರಪ್ಪನ ಬೆನ್ನ ಮೇಲೆ ಕುಳಿತು ಬಸ್ ಸ್ಟಾಂಡಿನ ತನಕ ಹೋಗಿ ಬರುತ್ತಾಳೆ, ನಿಂತ ಬಸ್ಸಿನ ಮೆಟ್ಟಿಲು ಮುಟ್ಟಿ ವಾಪಸು ಬರುತ್ತಾಳೆ. ಅಷ್ಟಕ್ಕೇ ಇಷ್ಟು ದಿನ ಹಿಡಿಯಿತು. ಡಾಕ್ಟರಮ್ಮನನ್ನು ನಾನೊಬ್ಬಳೇ ಹೋಗಿ ಕಂಡೆ. "ಡಿಸೆಂಬರಿಗೆ ಆಗಲ್ಲಮ್ಮ. ಮತ್ತೆ ಮೊದಲಿಂದ ಶುರು ಮಾಡ್ಬೇಕು. ಆಮೇಲೂ ನಾನು ಮಾತು ಕೊಡಲ್ಲ" ಅಂದರು. ಹಾಗಾಗಿ ನನಗೆ ಆ ಹಣ ಎಷ್ಟು ಬೇಕಾಗಿತ್ತು ಎಂದು ನಾನು ಬರೆಯಬೇಕಿಲ್ಲ.

ಹೋದ ಭಾನುವಾರ ಡೆನ್ಸಿಲ್ ವಾರಿಯಪೊಲದಿಂದ ಒಂದು ಜೋಡಿಯನ್ನು ಕರೆತಂದ. ಗಂಡ ಶಾಲೆಯ ಮೇಷ್ಟ್ರು. ಹೆಂಡತಿ ತುಂಬಿದ ಬಸುರಿ, ಕೈಯಲ್ಲಿ ಮೂರು ವರ್ಷದ ಹುಡುಗಿ. ಗಂಡ ಎಂಜಿನ್ ಮೇಲೆ ಕೈ ಇಟ್ಟ, ಹೊಗೆ ನೋಡಿದ, ಯಾರೋ ಅವನಿಗೂ ಹೇಳಿಕೊಟ್ಟಿದ್ದರು. ಎಲ್ಲದರಲ್ಲೂ ಪಾಸು. ಡೆನ್ಸಿಲ್ ಶಿಲುಬೆ ಮುಟ್ಟಿಕೊಳ್ಳುತ್ತಿದ್ದ. ಆ ಹೆಂಗಸು ಎಳನೀರು ಕುಡಿಯುವ ನೆಪದಲ್ಲಿ ನನ್ನ ಹಿಂದೆಯೇ ಅಡಿಗೆಮನೆಗೆ ಬಂದಳು.

"ಗಂಡಸ್ರು ಎಂಜಿನ್ ನೋಡ್ತಾರೆ ಅಕ್ಕಾ, ನಂಗೆ ಅದೆಲ್ಲ ಗೊತ್ತಾಗಲ್ಲ. ನಿಮ್ ಮಗೂನ ಇದರಲ್ಲೇ ಕರ್ಕೊಂಡು ಹೋಗ್ತಿದ್ರಂತೆ. ನೀವೇ ಹೇಳಿ, ನಂಬಬಹುದಾ?"

ಚತುರಿ ಒಳಕೋಣೆಯಲ್ಲಿ ಮಲಗಿದ್ದಳು, ಬಾಗಿಲು ತೆರೆದಿತ್ತು. ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು ಅಯ್ಯಾ. ಚೆನ್ನಾಗಿ ಓಡುತ್ತಿತ್ತು. ಎರಡೇ ಪದ, ನೀನು ಬರೆದುಕೊಟ್ಟದ್ದು. ಅದನ್ನು ಹೇಳಿದ್ದರೆ ಸಂಜೆಗೆ ಹಣ ಮೇಜಿನ ಮೇಲಿರುತ್ತಿತ್ತು, ಅವಳು ಮತ್ತೆ ನನಗೆ ಎದುರಾಗುತ್ತಲೂ ಇರಲಿಲ್ಲ. ಅವಳು ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಅವಳ ಕೈ ಹಿಡಿದು ಅಂಗಳಕ್ಕೆ ಕರೆತಂದು, ವ್ಯಾನಿನೊಳಗೆ ಹತ್ತಿ ಹೊಸ ಮ್ಯಾಟನ್ನು ಕಿತ್ತು ತೋರಿಸಿದೆ. ಡೆನ್ಸಿಲ್ "ನಿಂಗೇನು ಹುಚ್ಚಾ?" ಎಂದು ಕೂಗಾಡಿದ. ಮೇಷ್ಟ್ರು ಮಗುವನ್ನು ಎತ್ತಿಕೊಂಡು ಗೇಟಿನ ಕಡೆ ಹೊರಟ. ಆಕೆ ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು, ಆ ಬಸುರಿ ಹೊಟ್ಟೆಯಲ್ಲಿ. ನಾನು ಬಿಡಲಿಲ್ಲ.

ಮರುದಿನ ನಿನ್ನ ಭಾವ ಗ್ಯಾಸಿನಿಂದ ಕಬ್ಬಿಣ ಕತ್ತರಿಸುವವನನ್ನು ಕರೆಸಿ ಗಾಡಿಯನ್ನು ಆ ಗೆರೆಯಲ್ಲೇ ಎರಡು ಮಾಡಿಸಿದರು. ಗುಜರಿಯವನು ಕೊಟ್ಟದ್ದು ಒಂದು ತಿಂಗಳ ಅಕ್ಕಿಗೆ ಬಂತು. ಅಮ್ಮನ ತೋಟ ಹೋಯಿತು. ನಿನ್ನ ಮನೆಗೆ ಛಾವಣಿ ಆಗಿದೆಯಂತೆ, ಹೆಂಚು ಕೆಂಪಗೆ ಚೆನ್ನಾಗಿದೆಯಂತೆ, ಮಾಲನಿ ಅತ್ತಿಗೆ ಹೇಳಿದರು. ನಾನು ಅವರಿಗೆ ಏನೂ ಹೇಳಿಲ್ಲ. ಅದು ನಿನಗಾಗಿ ಅಲ್ಲ, ಆ ಛಾವಣಿಯ ಕೆಳಗೆ ಅವರು ನೆಮ್ಮದಿಯಾಗಿ ಮಲಗಲಿ ಎಂದು.

ಕ್ಷಮಿಸು ಎಂದು ಬರೆಯಬೇಡ. ನಿನ್ನನ್ನು ಕ್ಷಮಿಸಲು ಒಂದು ದಾರಿ ಹುಡುಕುತ್ತಿದ್ದೆ, ಕಷ್ಟದಲ್ಲಿ ಮನುಷ್ಯನ ಬಾಯಿಂದ ಅಂಥ ಸುಳ್ಳು ಬಂದುಬಿಡುತ್ತದೆ ಎಂದುಕೊಳ್ಳುತ್ತಿದ್ದೆ. ಆ ಭಾನುವಾರ ಅದೂ ಮುಚ್ಚಿಹೋಯಿತು. ಆ ಹೆಂಗಸು ನನಗೆ ಯಾರೂ ಅಲ್ಲ, ಅವಳ ಹೆಸರು ಕೂಡ ನಾನು ಕೇಳಲಿಲ್ಲ. ಅವಳಿಗೆ ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ನಾನು ನಿನ್ನ ತಂಗಿಯಾಗಿದ್ದೆ.

ಸೋಮಲತಾ